ಒಂದು ಉತ್ತರದ ಖರ್ಚು

ಗ್ರಂಥಾಲಯದ ಆನ್‌ಲೈನ್ ಚಾಟ್‌ನಲ್ಲಿ ಓದುಗರು ಕೇಳಿದ್ದಕ್ಕೆ ಆಗಿಂದಾಗಲೇ ಉತ್ತರ ಕೊಡುವುದು ನನ್ನ ಕೆಲಸ. ಒಂದು ಉತ್ತರಕ್ಕೆ ಎಷ್ಟು ಖರ್ಚು ಬೀಳುತ್ತದೆಂದು ತಿಳಿಯಲು ಲೆಕ್ಕಾಧಿಕಾರಿ ಬೆಳಿಗ್ಗೆಯೇ ಬಂದು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಸಂಬಳ, ಕರೆಂಟು, ಇಂಟರ್‌ನೆಟ್ಟಿನ ಲೆಕ್ಕ ಬೇಗ ಮುಗಿಯಿತು. ಪ್ರಶ್ನೆಗಾಗಿ ನಾನು ಕಾಯುವ ಹೊತ್ತನ್ನು ಯಾವ ಲೆಕ್ಕಕ್ಕೆ ಸೇರಿಸುವುದೆಂದು ಆಮೇಲೆ ದಿನವಿಡೀ ನನ್ನ ತಲೆ ತಿಂದರು.

ಪರದೆಯ ಮೇಲೆ ಯಾರೋ ಕೇಳುತ್ತಿದ್ದರು: ‘ಮೇಡಂ, ಇದ್ದೀರಾ?’

“ಸಾರ್, ಇವರಿಗೊಂದು ಉತ್ತರ ಕೊಟ್ಟುಬಿಡ್ತೀನಿ.”

“ಸ್ವಲ್ಪ ಇರಿ ಮೇಡಂ, ನನ್ನ ಲೆಕ್ಕ ತಪ್ಪುತ್ತೆ.”

ಕೇಳಿದವರು ಕಾದು ಕಾದು ಹೊರಟುಹೋದರು. ಅವರ ಹಿಂದೆ ಬಂದವರೂ ಹೋದರು.

ಸಂಜೆ ಲೆಕ್ಕಾಧಿಕಾರಿ ಕ್ಯಾಲ್ಕುಲೇಟರ್ ಒತ್ತಿ, ಹುಬ್ಬೇರಿಸಿದರು.

“ಇವತ್ತು ಒಂದು ಉತ್ತರಾನೂ ಕೊಟ್ಟಿಲ್ವಲ್ಲ ಮೇಡಂ. ಮತ್ತೆ ಇಷ್ಟು ಖರ್ಚು ಯಾತಕ್ಕೆ?”