ಎಡಗಿವಿ

ಖಡಕಿಯ ಮದ್ದುಗುಂಡಿನ ಕಾರಖಾನೆಯ ಭೋಂಗಾ ಊದಿತೆಂದರೆ ಹೆಂಗಸರ ಜೇಲಿನಲ್ಲಿ ಬೆಳಗಾಯಿತೆಂದೇ ಲೆಕ್ಕ. ಸಾಲಾಗಿ ಕೂತು ತಲೆ ಎಣಿಸಿಕೊಳ್ಳಬೇಕು, ನೀರಾದ ಅಂಬಲಿ ಕುಡಿಯಬೇಕು, ಆಮೇಲೆ ಸಂಜೆಯ ತನಕ ಬೀಸುಕಲ್ಲು. ಆಗ ಜರ್ಮನರ ಜೊತೆ ಮೊದಲ ಮಹಾಯುದ್ಧ ನಡೆದಿತ್ತು. ಹಿಟ್ಟು ಯಾವ ಸಿಪಾಯಿಯ ಹೊಟ್ಟೆಗೆ ಹೋಗುತ್ತಿತ್ತೋ, ಬೀಸಿದವರಿಗಂತೂ ಹೊಟ್ಟು ತುಂಬಿದ ರೊಟ್ಟಿಯೇ ಗತಿ.

ಧಾರವಾಡದ ಕಡೆಯ ಭಾಮಾ ಇಲ್ಲಿಗೆ ಬಂದಾಗ ಮಗಳು ಇಂದೂ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಕುಡಿದು ಬಂದು ಬಡಿಯುತ್ತಿದ್ದ ಗಂಡನ ತಲೆಗೆ ಒಂದು ದಿನ ಒನಕೆ ಬೀಸಿದ್ದಳು. ಅವನು ಮತ್ತೆ ಏಳಲಿಲ್ಲ. ಇವಳಿಗೆ ಜನ್ಮಠೇಪು, ಅಂದರೆ ಜೀವಾವಧಿ ಶಿಕ್ಷೆಯಾಯಿತು. ಗಂಡನ ಅಣ್ಣ ಮಲಕಪ್ಪ ದೌಂಡದಲ್ಲಿ ರೇಲ್ವೆ ಹಳಿ ಕೂಡಿಸುವವನು. ಭೇಟಿಗೆ ಬಂದು ಸರಳಿನ ಆಚೆಯಿಂದ ಹಲ್ಲು ಕಡಿದು ಹೇಳಿ ಹೋಗಿದ್ದ.

“ಕೂಸು ಹೊರಗ ಬರ್ಲಿ. ನೀ ನನ್ನ ತಮ್ಮಗ ಮಾಡಿದ್ದನ್ನ ಅದಕ್ಕ ದಿನಾ ನೆನಪು ಮಾಡಿಕೊಡ್ತೀನಿ.”

ಜೇಲಿನ ಮಕ್ಕಳು ಹುಟ್ಟಿದ ತಾರೀಖು ಯಾರಿಗೆ ಗೊತ್ತು? ಅದಕ್ಕೆ ಅಲ್ಲೊಂದು ರೂಢಿ ಇತ್ತು. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಕೂಸು ದೊಡ್ಡದಾಯಿತು, ನಡೆ ಹೊರಗೆ, ತಂದೆಯ ಕಡೆಯವರ ಮನೆಗೆ. ಮುಟ್ಟದಿದ್ದರೆ ಮುಂದಿನ ದೀಪಾವಳಿಯ ತನಕ ತಾಯಿಯ ಮಗ್ಗುಲಲ್ಲಿ. ಶಾಲೆಗೆ ಸೇರಿಸುವ ಮಾಸ್ತರರ ಉಪಾಯವನ್ನು ತಂದು ತಾಯಿ ಮಕ್ಕಳನ್ನು ಅಗಲಿಸಲು ಹಚ್ಚಿದ ಪುಣ್ಯಾತ್ಮ ಯಾರೋ, ಅವನ ಕೈ ಸೇದಿಹೋಗಲಿ!

ಹಿಂದಿನ ದೀಪಾವಳಿಗೆ ಇಂದೂನ ಬೆರಳು ಕಿವಿಗೆ ಒಂದಿಷ್ಟೇ ಕಡಿಮೆ ಬಿದ್ದಿತ್ತು. ಅಂದಿನಿಂದ ಭಾಮಾಳಿಗೆ ಒಂದೇ ಹಂಬಲ, ಕೂಸು ಬೆಳೆಯಬಾರದು. ಉಂಡರೆ ತಾನೇ ಬೆಳೆಯುವುದು? ಮಗಳ ಪಾಲಿನ ಹಾಲನ್ನು ರಾಧಾಬಾಯಿ ಎಂಬ ಕೈದಿಯ ಹಸುಗೂಸಿಗೆ ಕುಡಿಸಿದಳು. ರೊಟ್ಟಿ ಮುರಿದು ಅರ್ಧ ಗುಬ್ಬಿಗಳಿಗೆ ಹಾಕಿದಳು. ಇಂದೂ ಗುಬ್ಬಿಗಳ ನಡುವೆ ಕೂತು ಚೂರು ಆರಿಸತೊಡಗಿದಾಗ ಎಳೆದು ತಂದು ಬಡಿದಳು, ಬಡಿದು ತಾನೇ ಅತ್ತಳು.

“ಹಸಿವ್ಯಾಗೇದ ಅವ್ವಾ.”

“ನೀರು ಕುಡಿ, ನನ ಬಂಗಾರಾ. ಸಣ್ಣಾಕಿ ಇದ್ರ ಅವ್ವನ ಕಡೆ ಇರ್ತೀ.”

ಕೈದಿಗಳ ಮೇಲ್ವಿಚಾರಣೆಗೆ ನಿಂತ ಮುದಿ ಕೈದಿ ಕೃಷ್ಣಾಬಾಯಿಗೆ ನೋಡಲಾಗಲಿಲ್ಲ. “ಭಾಮೇ, ಕೂಸಿನ್ನ ಸಾಯಿಸ್ತೀಯೇನ?”

“ಸತ್ತರ ನನ್ನ ತೊಡಿಮ್ಯಾಲ ಸಾಯ್ತದ.”

ದೀಪಾವಳಿ ಬಂತು. ಕೈ ನೆತ್ತಿ ದಾಟಬಾರದೆಂದು ಭಾಮಾ ಮಗಳಿಗೆ ಕಲಿಸಿಟ್ಟಿದ್ದಳು. ಆದರೆ ಹೆಂಗಸರ ಜೇಲು ನೋಡಿಕೊಳ್ಳುವ ಮೇಟ್ರನ್‌ಬಾಯಿಗೆ ತಾಯಂದಿರ ಈ ಆಟ ಹೊಸದಲ್ಲ. ಮಕ್ಕಳ ಎಡಗೈ ಹಿಡಿದುಕೊಂಡು, ಬಲಗೈ ನೆತ್ತಿಯ ಮೇಲಿಂದಲೇ ಬರಬೇಕೆಂದು ತೋರಿಸಿ, ಎಡಗಿವಿಗೆ ಬೆಲ್ಲದ ಹೆಂಟೆ ಆನಿಸಿ, “ಘೇ ಬಾಳ, ಘೇ”, ತಗೋ ಮಗೂ ತಗೋ, ಎಂದು ಮರಾಠಿಯಲ್ಲಿ ಕರೆಯುತ್ತಿದ್ದಳು.

ಮೊದಲು ಲೀಲಾಕ್ಷಿ ಎಂಬ ಹುಡುಗಿ. ತಾಯಿ ತನ್ನ ಪಾಲನ್ನೂ ತಿನ್ನಿಸಿ ಬೆಳೆಸಿದ್ದಳು, ಇಂದೂಗಿಂತ ಗೇಣುದ್ದ ಎತ್ತರ. ಒಮ್ಮೆ ಕೈ ಎತ್ತಿದಳು, ಬೇಸರ ಬಂತು, ಬೆಲ್ಲವನ್ನು ಬಿಟ್ಟು ತಾಯಿಯ ಸೆರಗಿಗೆ ಓಡಿದಳು. ಮುಂದಿನ ವರ್ಷ ನೋಡೋಣ ಎಂದಳು ಮೇಟ್ರನ್.

ಆಮೇಲೆ ಇಂದೂ. ಬೆಲ್ಲದ ವಾಸನೆಗೆ ಅವಳ ಮೂಗು ಅರಳಿತು. ತಾಯಿಯನ್ನು ನೋಡಿದಳು. ಭಾಮಾ ಬೇಡ ಎಂದು ತಲೆ ಆಡಿಸಿದಳು. ಕೈ ನೆತ್ತಿಯ ಮೇಲೆ ನಿಂತಿತು. ಭಾಮಾ ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ಕೂಸಿನ ಕತ್ತು ವಾಲಿತು, ಹೆಗಲು ಸೆಟೆಯಿತು, ಕಡ್ಡಿಯಂಥ ತೋಳು ಎಲ್ಲಿತ್ತೋ ಅಷ್ಟು ಉದ್ದ ಚಾಚಿತು. ಬೆರಳು ಬೆಲ್ಲವನ್ನು ಹಿಡಿಯಿತು, ಕಿವಿಯನ್ನೂ.

ಹೊಟ್ಟೆ ತುಂಬ ಉಣಿಸಿದ್ದರೆ ಇವಳೂ ಬೇಸತ್ತು ನನ್ನ ಸೆರಗಿಗೇ ಬರುತ್ತಿದ್ದಳಲ್ಲ! ಭಾಮಾ ಆ ತೋಳನ್ನೇ ನೋಡಿದಳು. ಎದೆ ಬಡಿದುಕೊಳ್ಳಲೂ ಕೈ ಏಳಲಿಲ್ಲ.

ಜೇಲಿನಿಂದ ಮೊದಲೇ ಕಾಗದ ಹೋಗಿದ್ದರಿಂದ ಮಲಕಪ್ಪ ಅಂದೇ ಮಧ್ಯಾಹ್ನದ ಗಾಡಿಗೆ ಬಂದ. ಗೇಟಿನ ಹತ್ತಿರ ಇಂದೂ ಕೊಸರಿಕೊಂಡು ಹಿಂದಕ್ಕೆ ಓಡಿ ಬಂದಳು. ಮುಷ್ಟಿ ಬಿಚ್ಚಿ, ಅಂಟಿಕೊಂಡಿದ್ದ ಬೆಲ್ಲದ ಚೂರನ್ನು ತಾಯಿಯ ಬಾಯಿಗೆ ಹಿಡಿದಳು.

“ತಿನ್ನು ಅವ್ವಾ. ನಾ ಎಲ್ಲಾ ತಿಂದಿಲ್ಲ. ನಾ ಇನ್ನೂ ಸಣ್ಣಾಕಿನ ಇದ್ದೀನಿ.”