ಕೆಂಚಮ್ಮನ ಎರಡನೇ ಗಂಟಲು

ತಾನು ಪುರವರದಲ್ಲಿ ಕೆಮ್ಮಿದರೆ ಮಧುಗಿರಿ ಬೆಟ್ಟ ತಿರುಗಿ ಕೆಮ್ಮುತ್ತದೆ ಎಂದು ಕೆಂಚಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವಳು, ಅರ್ಧ ಸುಳ್ಳು, ಬೆಟ್ಟ ಬರೀ ಗಂಟಲು ಸರಿಮಾಡಿಕೊಳ್ಳುತ್ತೆ ಅಷ್ಟೆ, ಆದರೆ ಈ ಮುಸ್ಸಂಜೆ ಜಗಲಿಯ ಮೇಲೆ ಕೂತವಳ ಬಾಯಿ ತುಂಬ ಎಲೆಅಡಿಕೆ, ತುಟಿ ಅಲುಗಿಲ್ಲ, ಆದರೂ ಅವಳ ದನಿ ಮಾತಾಡುತ್ತಿದೆ — ರಂಗಾ, ಲೇ ರಂಗಾ, ಮುದ್ದೆ ಆರೋಯ್ತದೆ ಬಾರ್ಲಾ — ಎದುರಿಗೆ ಕೂತ ಗುಪ್ತಚರ ಇಲಾಖೆಯ ಮಲ್ಲಿಕಾರ್ಜುನಯ್ಯನವರ ಅಂಗೈಯ ಫೋನಿನೊಳಗಿಂದ, ಅದೇ ಗೊಗ್ಗರು, ರಾ ನಾಯನಾ ಎಂದು ಪಾವಗಡದ ತವರಿನ ತೆಲುಗು ಬೆರೆಸುವ ಅದೇ ಮುದ್ದು, ಮಾತಿನ ನಡುವೆ ಉಸಿರೆಳೆಯುವುದೂ ಅದೇ, ಉಸಿರಾಡದ್ದಕ್ಕೆ ಉಸಿರು ಯಾಕೆ, ಕಂಬದ ಬುಡದ ನಾಯಿ ಎದ್ದು ಬಾಲ ಆಡಿಸಿದ್ದು ಫೋನಿಗೆ, ತನಗಲ್ಲ. ಮೂಡಲಗಿರಿಯಪ್ಪ, ಸತ್ತು ಮೇಲೆ ಆರಾಮಾಗಿ ಕೂತವ್ನೇ, ಕೇಳುಸ್ತಾ, ನಿನ್ನ ಹೆಂಡ್ರು ಇಬ್ಬರಾಗವ್ಳೆ, ಒಬ್ಬಳನ್ನೇ ತಡೀಲಾರದೆ ಓಡೋದೆಯಲ್ಲೋ. ಯಾರೂ ಕದಿಯಲಿಲ್ಲ, ತಾನೇ ಕೊಟ್ಟಿದ್ದು, ಹೋದ ಬೇಸಿಗೆಯಲ್ಲಿ ಲೋಹಿತಾ ಎಂಬ ಹುಡುಗಿ ಬಂದು, ಅಜ್ಜಿ, ಈ ಸೀಮೆ ಮಾತನ್ನ ಯಂತ್ರಕ್ಕೆ ಕಲಿಸ್ಬೇಕು, ಏನಾದ್ರೂ ಮಾತಾಡಿ ಅಂದಳು, ಏನಾದ್ರೂ ಅಂದರೆ ಬುಡ್ತೀನಾ, ಸಿರಾ ಸಂತೆಯಲ್ಲಿ ಆನೆಗೆ ಬೈದು ಅಳಿಸಿದ್ದು, ಬೆಟ್ಟ ಕೆಮ್ಮಿದ್ದು, ಮೊಮ್ಮಗನನ್ನು ಊಟಕ್ಕೆ ಹೆಂಗೆ ಕೂಗ್ತೀರಿ ಅಂದಾಗ ಊರು ಬೆಚ್ಚುವಂತೆ ಕೂಗಿ ತೋರಿಸಿದ್ದು, ಹುಡುಗಿ ಯಂತ್ರ ಆರಿಸಿ ಚೀಲಕ್ಕಿಟ್ಟ ಮೇಲೆ ಕೆನ್ನೆ ಚಿವುಟಿ, ಅರ್ಧ ಸುಳ್ಳು ಕಣಮ್ಮ, ನಂಬ್ಕೊಂಡ್ಬುಟ್ಟೀಯ ಎಂದಿದ್ದು. ಆ ದನಿ ಎಲ್ಲೆಲ್ಲಿ ಅಲೆದು ಇವರ ಕೈಗೆ ಬಂತೋ, ಈಗ ನಾವು ಯಾರನ್ನೂ ಬೆನ್ನಟ್ಟಲ್ಲ ಅಜ್ಜಿ, ಮನೆಯವರ ದನೀಲಿ ಕರೀತೀವಿ, ಅವರೇ ಬರ್ತಾರೆ, ಎಂದು ಮಲ್ಲಿಕಾರ್ಜುನಯ್ಯನವರು ನಗುತ್ತಾರೆ, ಒಳ್ಳೆ ಮನುಷ್ಯನ ನಗು, ಕಾಫಿಗೆ ಬೆಲ್ಲ ಜಾಸ್ತಿಯಾಯ್ತು ಅಂದವರು, ಆದರೂ ಲೋಟ ಬರಿದು ಮಾಡಿದವರು. ಮೊಮ್ಮಗ ರಂಗೇಶ ಮಾಡಿದ್ದೇನು, ಮದುವೆ ಮನೆಗಳ ಮೇಲೆ ಡ್ರೋನ್ ಹಾರಿಸಿ ವಿಡಿಯೋ ತೆಗೆಯುವವನು, ಗಾಳಿಗೆ ಅದು ದಾರಿ ತಪ್ಪಿ ಕಾವಲು ಬೇಲಿಯೊಳಗಿನ ಸರ್ಕಾರದ ಜಾಗದ ಮೇಲೆ ಸುತ್ತಿತು, ದೇಶದ ಗುಟ್ಟು ಹಿಡಿದ ಅಂದರು, ಹೆದರಿ ನಿಡುಗಲ್ ಬೆಟ್ಟ ಹತ್ತಿದ, ಅವನ ಫೋನಿನ ಜಾಡಿನಲ್ಲಿ ಇವರಿಗೆ ಬೆಟ್ಟ ಸಿಕ್ಕಿದೆ, ಅವನು ಅಡಗಿದ ಗವಿ ಸಿಕ್ಕಿಲ್ಲ. ನಾಲ್ಕು ಮಾತು ಕೇಳಿ ಕಳಿಸ್ತೀವಿ ಅಂತಾರೆ — ಡ್ರೋನಿನ ಪೆಟ್ಟಿಗೆ ಹೊತ್ತಿದ್ದ ಅನಿಲ್ ಕುಮಾರನನ್ನೂ ಹಿಂಗೇ ಹೇಳಿ ಕರೆದೊಯ್ದರು, ಅವರವ್ವ ಇನ್ನೂ ತಟ್ಟೆ ಹಾಕಿಕೊಂಡು ಕೂತವ್ಳೆ. ರಂಗಾ, ಲೇ ರಂಗಾ — ಎರಡನೇ ಸಲ. ಎಳೆಯವನಿದ್ದಾಗ ಕಲಿಸಿದ್ದೆ, ಮುಸ್ಸಂಜೇಲಿ ಯಾರು ಕೂಗಿದ್ರೂ ಮೂರನೇ ಕೂಗಿಗೆ ಓಗೊಡ್ಲಾ, ದೆವ್ವ ಒಂದೇ ಸಲ ಕೂಗೋದು. ಫೋನು ಮೂರನೇ ಸಲವೂ ಕೂಗಿತು, ಈ ದೆವ್ವಕ್ಕೆ ಸುಸ್ತೇ ಇಲ್ಲ. ಅಜ್ಜೀ, ಎಂದಿತು ಫೋನಿನೊಳಗೆ ನಿಡುಗಲ್ ಬೆಟ್ಟದ ಕಡೆಯ ದನಿ, ನಿಜವಾಗ್ಲೂ ನೀನೇನಾ, ನೀನೇ ಆದ್ರೆ ಒಂದು ಬುರುಡೆ ಬುಡು ನೋಡಾನ. ಆಹಾ ನನ್ನ ಬಂಗಾರ, ನನ್ನ ಮಡಿಲಲ್ಲಿ ಬೆಳೆದ ಕಳ್ಳ. ಫೋನು ತಡವರಿಸಲೂ ಇಲ್ಲ — ನಾನು ಪುರವರದಾಗೆ ಕೆಮ್ಮಿದ್ರೆ ಮಧುಗಿರಿ ಬೆಟ್ಟ ತಿರುಗಿ ಕೆಮ್ಮುತ್ತೆ ಕಣ್ಲಾ — ಹೇಳಿ ಸುಮ್ಮನಾಯಿತು. ರಂಗ ಕಾಯುತ್ತಿದ್ದಾನೆ, ಪ್ರತಿ ಬುರುಡೆಯ ಬಾಲಕ್ಕೂ ತಾನು ಅಂಟಿಸುವ ಉಳಿದರ್ಧಕ್ಕೆ, ಯಂತ್ರಕ್ಕೆ ಅದು ಗೊತ್ತಿಲ್ಲ, ಹುಡುಗಿ ಅದನ್ನು ಆರಿಸಿದ ಮೇಲೆ ಆಡಿದ ಮಾತು, ತಾನು ಬರಬ್ಯಾಡ ಎಂದು ಕೂಗಿದರೂ ಅದೇ ದನಿ, ಯಾವಳು ನಿಜವೆಂದು ಹುಡುಗ ತಿಳಿದಾನು, ಸುಮ್ಮನಿದ್ದರೆ ಮಾತ್ರ ಯಂತ್ರ ಸಿಕ್ಕಿಬೀಳುತ್ತದೆ, ಆದರೆ ಜನ್ಮದಲ್ಲಿ ಒಮ್ಮೆಯೂ ನುಂಗದ ಮಾತು, ಅರ್ಧ ಸುಳ್ಳು, ಅರ್ಧ ಸುಳ್ಳು ಕಣ್ಲಾ, ಗಂಟಲಿಗೆ ಬಂದು ಕೆರೆಯುತ್ತಿದೆ, ಆಡಿದರೆ ಅಜ್ಜಿಯೇ ಎಂದು ಇಳಿದು ಬಂದುಬಿಡುತ್ತಾನೆ, ಎಲೆಯ ರಸ ಅಡ್ಡದಾರಿ ಹಿಡಿದು ಕೆಮ್ಮು ಒತ್ತರಿಸುತ್ತಿದೆ, ಆ ಕೆಮ್ಮೂ ಅವನಿಗೆ ಅಜ್ಜಿಯ ಗುರುತೇ, ಮಲ್ಲಿಕಾರ್ಜುನಯ್ಯನವರ ಬೆರಳು ತುಟಿಯ ಮೇಲಿದೆ, ಅತ್ತ ಕಪ್ಪಾಗುತ್ತಿರುವ ಮಧುಗಿರಿ ಬೆಟ್ಟ, ಬಾಯಿ ತೆರೆದ ಬೆಟ್ಟ, ತಿರುಗಿ ಕೆಮ್ಮಲು ಕಾದು ಕೂತ ಬೆಟ್ಟ — ಮೂಡಲಗಿರಿಯಪ್ಪ, ನನ್ನ ಬಾಯಿ ಬಲ್ಲವನು ನೀನೊಬ್ಬನೇ, ಹೇಳು ನೋಡಾನ, ಕೆಮ್ತೀನೋ, ನುಂಗ್ತೀನೋ.