ಬಿಸಿಲಿನ ಪಾಲಿನವರು

"ಏ ಹುಲಿಗಿ, ನಿಮ್ಮ ಉಚ್ಚಿಗೂ ಬೆಲಿ ಬಂತಲ್ಲೇ! ನಿಮ್ಮಪ್ಪ, ನಿಮ್ಮಜ್ಜ ಬೇಲಿ ಸಂದ್ಯಾಗ ಸುಮ್ಮನ ಸುರುವಿ ಸತ್ರು. ನೀ ನೋಡಿದ್ರ ದಿಲ್ಲಿಗೆ ಬಂದು ಬಾಟ್ಲಿ ತುಂಬಿಸಿ ಡಾಕ್ಟರಿಗೆ ಕೊಡಾಕತ್ತಿ. ತುಂಬು, ತುಂಬು. ಕಡಿಮಿ ಬಿದ್ರ ಹೇಳು, ಎಮ್ಮಿ ಹಿಡಕೊಂಡು ಬರ್ತೀನಿ!"

ಮೇಸ್ತ್ರಿ ರಾಘವರೆಡ್ಡಿ ತನ್ನ ಮಾತಿಗೆ ತಾನೇ ಮೊದಲು ನಕ್ಕು, ಉಳಿದವರೂ ನಗಲೆಂದು ಸುತ್ತ ನೋಡಿದ. ತಲೆಯ ಮೇಲೆ ಕಾಂಕ್ರೀಟ್ ಬುಟ್ಟಿ, ಕೈಯಲ್ಲಿ ಪ್ಲಾಸ್ಟಿಕ್ ಬಾಟಲಿ ಹಿಡಿದಿದ್ದ ಹುಲಿಗೆಮ್ಮ ನಿಂತಲ್ಲಿಂದಲೇ ಅಂದಳು:

"ಎಮ್ಮಿ ಯಾಕ್ರಿ ಧಣಿ ಅಷ್ಟು ದೂರದಿಂದ? ಕ್ವಾಣ ಇಲ್ಲೇ ಕುರ್ಚಿ ಮ್ಯಾಲ ಕುಂತೈತಲ್ಲ."

ಹೆಂಗಸರೆಲ್ಲ ಸೆರಗನ್ನು ಬಾಯಿಗೆ ತುರುಕಿಕೊಂಡರು. ಮುದುಕಿ ಇಂದಿರಮ್ಮನಿಗೆ ಮಾತ್ರ ತಡೆಯಲಾಗದೆ ಕಿಸಕ್ಕನೆ ನಗು ಬಂದೇಬಿಟ್ಟಿತು. ರೆಡ್ಡಿಯ ಮುಖ ಕಪ್ಪಿಟ್ಟಿತು.

"ನಾಲಿಗಿ ಉದ್ದ ಆತು ಬೋಳಿಮಗಳದು! ಇವತ್ತ ನಿನಗ ಉಣ್ಣಾಕ ಬಿಡಂಗಿಲ್ಲ. ಹತ್ತು ಮ್ಯಾಲ!"

ಹುಲಿಗೆಮ್ಮ ಹತ್ತಿದಳು. ಹೊಟ್ಟೆ ಖಾಲಿಯಿದ್ದರೂ ಆ ದಿನವೆಲ್ಲ ಕ್ವಾಣವನ್ನು ನೆನೆನೆನೆದು ನಗುತ್ತಲೇ ಬುಟ್ಟಿ ಹೊತ್ತಳು.

ದಿಲ್ಲಿಯ ಮಗ್ಗುಲಿನ ಗ್ರೇಟರ್ ನೋಯ್ಡಾದ ಆ ಬಟಾಬಯಲಿನಲ್ಲಿ ಎರಡು ಟವರುಗಳು ಅಕ್ಕಪಕ್ಕ ಏಳುತ್ತಿದ್ದವು. ಲಿಂಗಸೂಗೂರು ಕಡೆಯ ಮಾದಿಗರ ಕೇರಿಯನ್ನು ಅರ್ಧಕ್ಕರ್ಧ ಖಾಲಿ ಮಾಡಿಸಿ ರೈಲು ಹತ್ತಿಸಿದ್ದವನು ರಾಘವರೆಡ್ಡಿಯೇ. ಊರಿನಲ್ಲಿ ಅವನ ಹೊಲ, ಇಲ್ಲಿ ಅವನ ಗುತ್ತಿಗೆ. ಬೈಗುಳ ಎರಡೂ ಕಡೆ ಒಂದೇ. ಅವನ ಕುರ್ಚಿಯ ಪಕ್ಕ ಒದ್ದೆ ಗೋಣಿ ಸುತ್ತಿದ ಒಂದು ಮಣ್ಣಿನ ಮಡಿಕೆ ಇರುತ್ತಿತ್ತು. ಅದನ್ನು ಇವರು ಯಾರೂ ಮುಟ್ಟುವಂತಿರಲಿಲ್ಲ. ಊರಿನ ಬಾವಿ ಇವರ ಜೊತೆಗೇ ಟಿಕೆಟಿಲ್ಲದೆ ದಿಲ್ಲಿಯವರೆಗೂ ಬಂದಿತ್ತು.

ಡಾಕ್ಟರುಗಳು ಬಂದದ್ದು ಯುಗಾದಿ ಕಳೆದ ಮೇಲೆ. ದೊಡ್ಡ ಡಾಕ್ಟರ ಹೆಸರು ಇಂದುಶೇಖರ. ಬೆಳ್ಳಿಕೂದಲು, ಮೆತ್ತಗಿನ ದನಿ. ಅವರು ಕನ್ನಡದಲ್ಲಿ "ಎಲ್ಲರೂ ಚೆನ್ನಾಗಿದ್ದೀರಾ?" ಎಂದು ಕೇಳಿದ್ದೇ ತಡ, ಅರ್ಧ ಜನ ಅಲ್ಲೇ ಕರಗಿಹೋದರು. ಬಿಸಿಲಿನಲ್ಲಿ ದುಡಿಯುವವರ ಕಿಡ್ನಿ ಸದ್ದಿಲ್ಲದೆ ಕೆಡುತ್ತದೆ, ನೋವಿರುವುದಿಲ್ಲ, ಗೊತ್ತಾಗುವ ಹೊತ್ತಿಗೆ ಕಾಲ ಮೀರಿರುತ್ತದೆ ಎಂದರು. ಹೊತ್ತುಹೊತ್ತಿಗೆ ನೆರಳು, ತಣ್ಣೀರು, ಒಂದಿಷ್ಟು ವಿಶ್ರಾಂತಿ ಕೊಟ್ಟರೆ ಎಷ್ಟು ಜನರ ಕಿಡ್ನಿ ಉಳಿಯುತ್ತದೆ ಎಂದು ಈ ಬೇಸಿಗೆಯಲ್ಲಿ ಸಂಶೋಧನೆ ಮಾಡುತ್ತೇವೆ ಎಂದರು.

"ದೇವರಂಥಾ ಮನಿಶಾ" ಎಂದು ಇಂದಿರಮ್ಮ ಕೈ ಮುಗಿದಳು.

ಆಮೇಲೆ ಚೀಟಿ ಎತ್ತಿದರು. ಎತ್ತಿದವಳು ಹರ್ಷಿಣಿ, ದೊಡ್ಡ ಡಾಕ್ಟರ ಕೈಕೆಳಗಿನ ಎಳೆಯ ಡಾಕ್ಟರು. ದಿಲ್ಲಿಯ ಮಯೂರ್ ವಿಹಾರದಲ್ಲಿ ಹುಟ್ಟಿ ಬೆಳೆದ ಸರ್ಕಾರಿ ನೌಕರರ ಮಗಳು. ಕನ್ನಡ ಕಿವಿಯಲ್ಲಿ ಪೂರ್ತಿ ಇತ್ತು, ಬಾಯಲ್ಲಿ ಅರ್ಧ. ಚೀಟಿಯ ಪ್ರಕಾರ ಒಂದನೇ ಟವರಿನವರಿಗೆ ನೆರಳಿನ ಟೆಂಟು, ಐಸ್ ಹಾಕಿದ ನೀರು, ನಿಂಬೆಹಣ್ಣಿನ ಪಾನಕ, ಗಂಟೆಗೊಂದು ಬಿಡುವು. ಎರಡನೇ ಟವರಿನವರಿಗೆ ಏನೂ ಇಲ್ಲ.

"ನಮಗ ಯಾವಾಗ್ರಿ?" ಎಂದಳು ಎರಡನೇ ಟವರಿನ ಹುಲಿಗೆಮ್ಮ.

"ನಿಮ್ದು ಕಂಟ್ರೋಲ್ ಗ್ರೂಪ್ ಆಂಟಿ. ಮತ್‌ಲಬ್... ಹೇಗಿದ್ದೀರೋ ಹಾಗೇ ಇರ್ಬೇಕು."

"ಕಂಟ್ರೋಲ್ ಅಂದ್ರ ಅಕ್ಕಿ ಕೊಡ್ತಾರೇನು?" ಎಂದು ಇಂದಿರಮ್ಮ ಆಸೆಯಿಂದ ಕೇಳಿದಳು. ಊರಲ್ಲಿ ಅವಳಿಗೆ ಗೊತ್ತಿದ್ದ ಕಂಟ್ರೋಲ್ ಎಂದರೆ ರೇಷನ್ ಅಂಗಡಿ.

"ಅಕ್ಕಿ ಅಲ್ಲ ಅಜ್ಜಿ. ಯೂರಿನ್, ಬ್ಲಡ್ ಎರಡೂ ಗ್ರೂಪ್‌ದೂ ತಗೋತೀವಿ. ಆಮೇಲೆ ಕಂಪೇರ್ ಮಾಡ್ತೀವಿ."

ಹುಲಿಗೆಮ್ಮ ಸೊಂಟದ ಮೇಲೆ ಕೈಯಿಟ್ಟು ಇದನ್ನು ಒಳಗೆ ಇಳಿಸಿಕೊಂಡಳು. "ಅಂದ್ರ ಅವ್ರು ನೆಳ್ಳಾಗ ಕುಂದ್ರತಾರ, ನಾವು ಬಿಸಲಾಗ ಸಾಯ್ತೀವಿ, ನೀವು ಎರಡೂ ಉಚ್ಚಿ ಇಟಗೊಂಡು ನೋಡ್ತೀರಿ. ಹೌದಿಲ್ಲೋ?"

"ಅರೇ, ಸಾಯಲ್ಲ ಆಂಟಿ!" ಎಂದು ಹರ್ಷಿಣಿ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಬೇಡವೆಂದವರು ಬಿಡಬಹುದು ಎಂದು ದೊಡ್ಡ ಡಾಕ್ಟರು ಹೇಳಿದ್ದು ನಿಜ. ಅವರ ಬೆನ್ನ ಹಿಂದೆ ನಿಂತಿದ್ದ ರಾಘವರೆಡ್ಡಿ, ಬೇಡವೆಂದವರು ಊರಿನ ರೈಲನ್ನೂ ನೋಡಿಕೊಳ್ಳಬಹುದು ಎಂದು ಕಣ್ಣಿನಲ್ಲೇ ಹೇಳಿದ್ದೂ ನಿಜ. ಎಲ್ಲರೂ ಹೆಬ್ಬೆಟ್ಟು ಒತ್ತಿದರು.

ಚೀಟಿ ಹುಲಿಗೆಮ್ಮನ ಸಂಸಾರವನ್ನೇ ಎರಡು ಮಾಡಿತ್ತು. ಅವಳ ಗಂಡ ಚಂದ್ರಪ್ಪ ಒಂದನೇ ಟವರಿನಲ್ಲಿ ಕಬ್ಬಿಣ ಕಟ್ಟುವವನು. ಅಂಜುಬುರುಕ; ನಾಯಿ ಬೊಗಳಿದರೂ ನಮಸ್ಕಾರ ಮಾಡುವ ಜಾತಿ. ಸಂಜೆ ತಗಡಿನ ಗುಡಿಸಲಿಗೆ ಬಂದವನು ಹೊಸ ಅಳಿಯನಂತೆ ಹೊಳೆಯುತ್ತಿದ್ದ.

"ಇವತ್ತ ಪಾನಕದಾಗ ಯಾಲಕ್ಕಿ ಹಾಕಿದ್ರಲೇ ಹುಲಿಗಿ."

"ಮದಿವಿ ಮನಿಗೆ ಹೋಗಿದ್ದೇನು? ಎಲಿ ಅಡಿಕಿ ಕೊಡ್ಲಿಲ್ಲಾ?"

"ಉಚ್ಚಿ ಸೈತ ಎಳನೀರಿನಂಗ ಹೋಗ್ತೈತಿ ನೋಡು."

"ನಂದು ಉರಿ ಕೆಂಡ ಹೊಂಟಂಗ ಹೋಗ್ತೈತಿ. ಹಾಟ್ಯಾನ, ಮಕ ತೊಳಕೊಂಡು ರೊಟ್ಟಿ ತಿನ್ನು."

ನೀರು ಕುಡಿದರೆ ತಾನೇ? ಎರಡನೇ ಟವರಿನ ಹೆಂಗಸರು ನಲ್ಲಿಯ ಬಿಸಿನೀರನ್ನೂ ಬಾಯಿ ಒದ್ದೆಯಾಗುವಷ್ಟು ಮಾತ್ರ ಕುಡಿಯುತ್ತಿದ್ದರು. ಕುಡಿದದ್ದನ್ನು ಇಳಿಸಲು ಅವರಿಗೆ ಜಾಗವಿರಲಿಲ್ಲ. ಸುತ್ತ ಗಂಡಸರು, ಕ್ರೇನುಗಳು, ಬಯಲು. ಬಾಟಲಿ ತುಂಬಿಸಲೆಂದು ಡಾಕ್ಟರುಗಳು ತಗಡಿನ ಕೋಣೆಯೊಂದನ್ನು ಕಟ್ಟಿಸಿದ್ದರು. ಅದರ ಬೀಗದ ಕೈ ರೆಡ್ಡಿಯ ಉಡಿದಾರದಲ್ಲಿತ್ತು. ಡಾಕ್ಟರಿಗೆ ಬೇಕಾದಾಗ ಬಾಗಿಲು ತೆರೆಯುತ್ತಿತ್ತು. ಇವರಿಗೆ ಬೇಕಾದಾಗ ತೆರೆಯುತ್ತಿರಲಿಲ್ಲ.

ಹೆಂಡತಿಯ ಉರಿ ನೋಡಲಾರದೆ ಒಂದು ದಿನ ಚಂದ್ರಪ್ಪ ಅಂಗಿಯೊಳಗೆ ಪಾನಕದ ಬಾಟಲಿ ಬಚ್ಚಿಟ್ಟುಕೊಂಡು ಎರಡನೇ ಟವರಿನತ್ತ ನಡೆದ. ಜೀವಮಾನದಲ್ಲಿ ಅವನು ಮಾಡಿದ ಮೊದಲ ಕಳ್ಳತನ ಅದು, ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ರೆಡ್ಡಿ ಕತ್ತುಪಟ್ಟಿ ಹಿಡಿದ. ಬಾಟಲಿ ಕಿತ್ತುಕೊಂಡು, ಹುಲಿಗೆಮ್ಮನ ಕಾಲ ಬುಡದಲ್ಲಿ, ಅವಳ ಕಣ್ಣೆದುರೇ, ಒಂದೊಂದೇ ಗುಟುಕಿನಷ್ಟು ಮಣ್ಣಿಗೆ ಸುರಿದ.

"ನೆಕ್ಕು. ನಿನ್ನ ಗಂಡ ಪ್ರೀತಿಲೆ ತಂದಾನ, ನೆಕ್ಕು."

ಓಡಿಬಂದ ಹರ್ಷಿಣಿಗೆ ಇದು ಕಂಡಿತು. ಅವಳು ರೆಡ್ಡಿಗೆ ಏನೋ ಹೇಳಲು ಬಾಯಿ ತೆರೆದಳು. ಬಾಯಿಂದ ಬಂದದ್ದು ಚಂದ್ರಪ್ಪನಿಗೆ ಹೇಳಿದ ಮಾತು: "ಅಂಕಲ್, ಪ್ಲೀಸ್, ಆ ಕಡೆಯವ್ರಿಗೆ ಶೇರ್ ಮಾಡ್ಬೇಡಿ. ಸ್ಟಡಿ ಕೆಡತ್ತೆ."

ಚಂದ್ರಪ್ಪ ತಲೆ ತಗ್ಗಿಸಿ ಹೋದ. ಹುಲಿಗೆಮ್ಮ ಒದ್ದೆ ಮಣ್ಣನ್ನು ನೋಡುತ್ತ ನಿಂತಳು. ಅದು ನೋಡನೋಡುತ್ತಲೇ ಆರಿಹೋಯಿತು.

ಉತ್ತರದ ಬಿಸಿಗಾಳಿ ಲೂ ಬೀಸಲು ಶುರುವಾದ ವಾರ ಇಂದಿರಮ್ಮ ಬಿದ್ದಳು.

ಬೆಳಿಗ್ಗೆಯಿಂದಲೇ ಅವಳು ಏನೇನೋ ಬಡಬಡಿಸುತ್ತಿದ್ದಳು. ಸತ್ತುಹೋದ ಅಕ್ಕನನ್ನು ಕರೆದಳು, ಕ್ರೇನಿಗೆ "ಬಾರೋ ಬಸವಾ" ಎಂದಳು. ಹೆಂಗಸರು ಮೊದಲು ನಕ್ಕರು. ಮುದುಕಿ ತಮಾಷೆ ಮಾಡುತ್ತಿದೆ ಎಂದುಕೊಂಡರು. ಮಧ್ಯಾಹ್ನ ಬುಟ್ಟಿ ಸಮೇತ ಕುಸಿದಳು. ಹುಲಿಗೆಮ್ಮ ಓಡಿಹೋಗಿ ಮುಟ್ಟಿದರೆ ಮೈ ರೊಟ್ಟಿ ಹಂಚಿನಂತಿತ್ತು. ಒಂದು ಹನಿ ಬೆವರಿಲ್ಲ.

ಎರಡನೇ ಟವರಿಗೂ ಫಸ್ಟ್ ಏಡ್ ಕೋಣೆಯೊಂದಿತ್ತು. ಅದರೊಳಗೆ ರೆಡ್ಡಿ ಛಾವಣಿ ಮುಟ್ಟುವಂತೆ ಸಿಮೆಂಟ್ ಚೀಲ ಪೇರಿಸಿದ್ದ. ಹುಲಿಗೆಮ್ಮ ಸುತ್ತ ನೋಡಿದಳು. ತೀರ ಹತ್ತಿರದಲ್ಲಿ ಕಂಡ ತಣ್ಣೀರೆಂದರೆ ರೆಡ್ಡಿಯ ಮಡಿಕೆ. ಎರಡೂ ಕೈಯಲ್ಲಿ ಎತ್ತಿ ತಂದಳು. ಇಂದಿರಮ್ಮನ ನೆತ್ತಿ, ಎದೆ, ತೊಡೆಯ ಮೇಲೆ ಗುಳುಗುಳು ಸುರಿದಳು.

"ಮುಟ್ಟಿದೆಲ್ಲಲೇ ರಂಡಿ! ನನ್ನ ಮಡಕಿ ಮುಟ್ಟಿದೆಲ್ಲ!" ರೆಡ್ಡಿ ಕುರ್ಚಿ ಕೆಡವಿಕೊಂಡು ಎದ್ದ.

"ಮುಟ್ಟೀನಿ. ತಗೋ ನಿನ್ನ ಮಡಕಿ, ನಿನ್ನ ಹೆಣದ ಮುಂದ ಹಿಡಕೊಂಡು ಹೋಗಾಕ ಬೇಕಾಗ್ತೈತಿ" ಎಂದು ಅವಳು ಖಾಲಿ ಮಡಿಕೆಯನ್ನು ಅವನ ಕಾಲ ಬಳಿ ಒಗೆದಳು. ಅದು ನಾಲ್ಕು ಚೂರಾಯಿತು. "ಬರ್ರೇ! ಕಾಲು ಹಿಡೀರಿ, ಟೆಂಟಿಗೆ ಒಯ್ಯೂನು!"

ಟೆಂಟಿನ ಬಾಯಲ್ಲಿ ರೆಡ್ಡಿಯ ಕಾವಲುಗಾರ ಅಡ್ಡ ನಿಂತ. "ದೂಸ್ರೇ ಟವರ್ ವಾಲೇ ಅಂದರ್ ನಹೀಂ. ಆರ್ಡರ್ ಹೈ." ಹರ್ಷಿಣಿ ಫೋನು ಕಿವಿಗಿಟ್ಟುಕೊಂಡು ಒಳಗಿನಿಂದ ಬಂದಳು. ಮುದುಕಿಯ ಮುಖ ನೋಡಿದ್ದೇ ಫೋನು ಇಳಿಸಿದಳು.

"ಹಟೋ!" ಎಂದು ಅವಳು ಕಿರುಚಿದ ರಭಸಕ್ಕೆ ಕಾವಲುಗಾರ ನಿಜಕ್ಕೂ ಹಾರಿ ಪಕ್ಕಕ್ಕೆ ಬಿದ್ದ. "ಐಸ್ ತನ್ನಿ! ಕಂಕುಳಲ್ಲಿ ಇಡಿ, ಕತ್ತಿಗಿಡಿ, ಜಲ್ದಿ! ನನ್ನ ಗಾಡಿ ತರ್ತೀನಿ."

ಅವಳ ಪುಟ್ಟ ಕಾರಿನ ಹಿಂದಿನ ಸೀಟಿನಲ್ಲಿ ಇಂದಿರಮ್ಮನನ್ನು ಐಸಿನ ಜೊತೆ ಮಲಗಿಸಿದರು. ಕಾರು ದೂಳೆಬ್ಬಿಸಿ ಹೋಯಿತು. ಹೋಗುವಾಗ ಮುದುಕಿಯ ಕಣ್ಣು ತೆರೆದೇ ಇತ್ತು; ಯಾರನ್ನೂ ನೋಡುತ್ತಿರಲಿಲ್ಲ.

ರೆಡ್ಡಿ ಚಪ್ಪಾಳೆ ತಟ್ಟಿದ. "ಆತಲ್ಲ ನಾಟಕ? ನಡೀರಿ. ಎರಡನೇದವರು ಎರಡನೇದಕ್ಕ, ಒಂದನೇದವರು ನೆಳ್ಳಿಗೆ."

ಹುಲಿಗೆಮ್ಮ ಎರಡನೇ ಟವರಿನತ್ತ ಹೋಗದೆ ಟೆಂಟಿನ ಒಳಗೆ ನಡೆದಳು. ಮೊದಲ ಸಲ. ಹೊರಗಿನ ಬಿಳಿ ಬೆಂಕಿಯಿಂದ ಒಳಗೆ ಬಂದವಳಿಗೆ ಕಣ್ಣು ಹೊಂದಿಕೊಂಡು, ಗಂಡ ಕಂಡ. ಪಾನಕದ ಲೋಟ ಹಿಡಿದು ಕುಡಿಯಲಾರದೆ ಕೂತಿದ್ದ. ಅವಳು ಲೋಟ ತೆಗೆದುಕೊಂಡು ಗಟಗಟ ಕುಡಿದಳು. ಏಲಕ್ಕಿ ಇತ್ತು, ಸುಳ್ಳಲ್ಲ. ಆಮೇಲೆ ಮೇಲೆ ನೋಡಿದಳು: ದಪ್ಪ ಬಟ್ಟೆ, ಬಿದಿರಿನ ಕಂಬ, ಹಗ್ಗ.

"ನಾವು ಇದರೊಳಗ ಬರಬಾರದಂತ ಆರ್ಡರ್ ಐತಿ" ಎಂದಳು ಜೋರಾಗಿ. "ಇದು ನಮ್ಮ ಕಡೆ ಬರಬಾರದಂತ ಏನೂ ಇಲ್ಲ. ಏ ಚಂದ್ರ್ಯಾ, ಆ ಗೂಟ ಕೀಳು."

ಚಂದ್ರಪ್ಪ ರೆಡ್ಡಿಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಎರಡೂ ಹೆದರಿಕೆಗಳನ್ನು ತೂಗಿ ನೋಡಿ, ಹೆಂಡತಿಯ ಕಡೆಯದೇ ಭಾರವೆನಿಸಿತೋ ಏನೋ, ಬಗ್ಗಿ ಗೂಟ ಕಿತ್ತ. ಒಂದು ಕಿತ್ತ ಮೇಲೆ ಅವನ ಕೈ ನಿಲ್ಲಲಿಲ್ಲ. ನೆರಳಿನ ಪಾಲಿನವರು ಒಂದೊಂದು ಕಂಬಕ್ಕೆ ಹೆಗಲು ಕೊಟ್ಟರು, ಬಿಸಿಲಿನ ಪಾಲಿನವರು ಹಗ್ಗ ಹಿಡಿದರು. "ಹೈಸಾ!" ಎಂದದ್ದು ಯಾರೋ. ದೊಡ್ಡ ಟೆಂಟು ನೆಲ ಬಿಟ್ಟಿತು, ಒಂದು ಸಲ ವಾಲಿತು, ಸಾವರಿಸಿಕೊಂಡಿತು, ಬಯಲಿನ ನಡುವೆ ನಡೆಯತೊಡಗಿತು. ಕ್ರೇನಿನವನು ಕ್ರೇನು ನಿಲ್ಲಿಸಿ ಇಳಿದ. ಬಿಹಾರದ ವೆಲ್ಡರುಗಳು ಸೀಟಿ ಹೊಡೆದರು. ಲೂ ಗಾಳಿ ಬಟ್ಟೆಯೊಳಗೆ ಹೊಕ್ಕು ಉಬ್ಬಿಸಿದಾಗ ಮುಂದಿನ ಕಂಬ ಹಿಡಿದ ಚಂದ್ರಪ್ಪನ ಕಾಲೆರಡೂ ನೆಲ ಬಿಟ್ಟು ಮೇಲೆದ್ದವು. ಅವನು ಕಂಬ ಬಿಡಲಿಲ್ಲ. ನಗುತ್ತಿದ್ದ, ಹೆದರಿ ಅಳುತ್ತಲೂ ಇದ್ದ. ರೆಡ್ಡಿ ಪಕ್ಕದಲ್ಲೇ ಓಡುತ್ತ ಒಬ್ಬೊಬ್ಬರ ಹೆಸರು ಹಿಡಿದು ತಾಯಿ, ತಂಗಿ, ಕೇರಿ ಎಲ್ಲವನ್ನೂ ಬೈದ. ಅವನ ದನಿ ಬಿದ್ದುಹೋಯಿತು, ಟೆಂಟು ನಿಲ್ಲಲಿಲ್ಲ.

ಎರಡು ಟವರುಗಳ ನಡುವೆ ಕಂಬ ಊರಿ ಎಲ್ಲರೂ ಅದರ ಕೆಳಗೆ ಕೂತರು.

ಇಂದುಶೇಖರ ಬಂದಾಗ ನೀರಿನ ಕ್ಯಾನುಗಳು ಖಾಲಿಯಾಗಿದ್ದವು. ಅವರು ಬೈಯಲಿಲ್ಲ. ನೆಲದ ಮೇಲೆ ಹುಲಿಗೆಮ್ಮನ ಎದುರು ಕುಕ್ಕರಗಾಲಿನಲ್ಲಿ ಕೂತರು.

"ಆ ಅಜ್ಜಿ ಐಸಿಯುನಲ್ಲಿದ್ದಾರೆ. ನೋಡೋಣ. ನೀವು ಸಿಟ್ಟಾಗಿರೋದು ತಪ್ಪಲ್ಲ ಅಮ್ಮಾ. ಆದ್ರೆ ನನ್ನ ಮಾತೂ ಕೇಳಿ. ನೆರಳು ಕೊಡಿ ಅಂತ ಬಾಯಲ್ಲಿ ಹೇಳಿದ್ರೆ ಯಾವ ಬಿಲ್ಡರೂ ಕೊಡಲ್ಲ. ಇಷ್ಟು ಜನರ ಕಿಡ್ನಿ ಉಳೀತು, ಇಷ್ಟು ಜನರದ್ದು ಕೆಡ್ತು ಅಂತ ತೋರಿಸಿದ್ರೆ ಮಾತ್ರ ಕಾನೂನು ಮಾಡ್ತಾರೆ. ಈ ಒಂದು ಬೇಸಿಗೆ ತಡ್ಕೊಂಡಿದ್ರೆ ನಿಮ್ಮಂಥ ಲಕ್ಷಾಂತರ ಜನಕ್ಕೆ ಉಪಯೋಗ ಆಗ್ತಿತ್ತು."

ಹುಲಿಗೆಮ್ಮ ಅವರ ಮುಖವನ್ನೇ ನೋಡಿದಳು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯಿತು.

"ಕೆಟ್ಟ ಕಿಡ್ನಿ ಬೇಕಲ್ರಿ ನಿಮಗ ತೋರಸಾಕ?"

"ಹಾಗಲ್ಲ..."

"ಹಂಗಾ ಐತ್ರಿ. ಬೇಕಂದ್ರ ತೋರಸ್ರಿ. ಈ ರೆಡ್ಡಿದು ತಗೋರಿ, ಆ ಬಿಲ್ಡರಂದು ತಗೋರಿ. ಅವ್ರನ್ನ ಈ ಬ್ಯಾಸಿಗಿ ಬಿಸಲಾಗ ನಿಂದ್ರಸ್ರಿ, ನಾವು ನೆಳ್ಳಾಗ ಕುಂದ್ರತೀವಿ. ಬಾಟ್ಲಿ ಬೇಕಾದ್ರ ನಾನ ಹಿಡಿತೀನಿ."

ಯಾರೋ ಹಿಂದಿನಿಂದ ಹೋ ಎಂದರು. ಡಾಕ್ಟರು ಎದ್ದು ಮೊಣಕಾಲಿನ ದೂಳು ಕೊಡವಿಕೊಂಡರು. ಮುಖದಲ್ಲಿ ನಿಜವಾದ ದುಃಖವಿತ್ತು. "ಸ್ಟಡಿ ಇಲ್ಲಿಗೆ ನಿಲ್ಲಿಸ್ಬೇಕಾಗುತ್ತೆ. ಟೆಂಟೂ ವಾಪಸ್ ಹೋಗುತ್ತೆ. ನನ್ನ ಕೈಯಲ್ಲಿಲ್ಲ" ಎಂದರು.

ಅವರು ಹೋದ ಸ್ವಲ್ಪ ಹೊತ್ತಿಗೆ ಟೆಂಟು ಬಾಡಿಗೆಗೆ ಕೊಟ್ಟಿದ್ದ ಅಂಗಡಿಯ ಟೆಂಪೋ ಬಂತು. ನಾಲ್ವರು ಆಳುಗಳು ಇಳಿದರು. ಅವರೂ ಬೆವರಿ ಬೆಂದುಹೋಗಿದ್ದರು. ರೆಡ್ಡಿ ದೂರದಿಂದಲೇ ಬಿದ್ದುಹೋದ ದನಿಯಲ್ಲಿ "ಖೋಲೋ, ಖೋಲೋ" ಎಂದ.

ಹುಲಿಗೆಮ್ಮ ನಡುಗಂಬಕ್ಕೆ ಬೆನ್ನು ಕೊಟ್ಟು ಕೂತಿದ್ದವಳು ಎದ್ದು ತಿರುಗಿ, ಎರಡೂ ತೋಳುಗಳಿಂದ ಅದನ್ನು ತಬ್ಬಿಕೊಂಡಳು. ಚಂದ್ರಪ್ಪ ಪಕ್ಕದ ಕಂಬ ತಬ್ಬಿದ. ಒಂದೊಂದು ಕಂಬಕ್ಕೂ ಜನ ಮುತ್ತಿಕೊಂಡರು.

"ಬಿಚ್ಚೋದಾದ್ರ ಮೊದಲ ನನ್ನ ಕೈ ಬಿಚ್ಚಬೇಕು ಭಯ್ಯಾ" ಎಂದಳು.

ನಾಲ್ವರಲ್ಲಿ ಹಿರಿಯನಾದವನಿಗೆ ಮಾತು ಅರ್ಥವಾಗಲಿಲ್ಲ. ಅವನು ಅವಳ ಕೈ ನೋಡಿದ, ಮೇಲಿನ ಬಟ್ಟೆ ನೋಡಿದ, ಹೊರಗೆ ಕುದಿಯುತ್ತಿದ್ದ ಬಯಲನ್ನು ನೋಡಿದ. ಚಪ್ಪಲಿ ಬಿಟ್ಟು, ನೆರಳಿನೊಳಗೆ ಬಂದು ಕೂತ.